ತಿರುಗಿ ಬಂದವಳ ಮಾತು

ಸಭೆಯ ಅಧ್ಯಕ್ಷರೇ, ಸುವರ್ಣ ಮಹೋತ್ಸವ ಸಮಿತಿಯ ಸಂಚಾಲಕರಾದ ಗೋವಿಂದ ಭಟ್ಟರೇ, ಮುಖ್ಯೋಪಾಧ್ಯಾಯರೇ, ವೇದಿಕೆಯ ಮೇಲಿನ ಗಣ್ಯರೇ, ನನಗೆ ಗಣಿತ ಕಲಿಸಿ ಸುಸ್ತಾದ ನನ್ನ ಗುರುಗಳೇ, ಅಡುಗೆಮನೆಯ ಕಡೆಯಿಂದ ಬರುವ ಪರಿಮಳಕ್ಕೆ ಈಗಾಗಲೇ ಚಡಪಡಿಸುತ್ತಿರುವ ವಿದ್ಯಾರ್ಥಿಗಳೇ, ಮತ್ತು ಸಭಿಕರೇ,

ಈ ಅಡಿಕೆ ಹಾರವನ್ನು ತೆಗೆದು ಮೇಜಿನ ಮೇಲಿಟ್ಟು ಮಾತನಾಡಲು ಅಪ್ಪಣೆ ಕೊಡಿ. ಅಗೌರವವೆಂದು ತಿಳಿಯಬೇಡಿ. ನಮ್ಮ ಶಿರಸಿಯ ಹಾರಕ್ಕೆ ಚಂದ ಎಷ್ಟಿದೆಯೋ ತೂಕವೂ ಅಷ್ಟೇ ಇದೆ. ಅದನ್ನು ಕೊರಳಲ್ಲಿಟ್ಟುಕೊಂಡು ಹೌದು ಎನ್ನುವುದು ಸುಲಭ, ಇಲ್ಲ ಎನ್ನುವುದು ಕಷ್ಟ. ನಾನು ಈಗ ಇಲ್ಲ ಎನ್ನುವವಳಿದ್ದೇನೆ.

ಸ್ವಲ್ಪ ಹೊತ್ತಿನ ಮುಂಚೆ ನಿರೂಪಕರು ಹೇಳಿದ್ದನ್ನು ಎಲ್ಲರೂ ಕೇಳಿದಿರಿ. ನಾಳೆ ಬೆಳಗ್ಗೆ ಶಾಲೆಯ ಧ್ವಜವೇರುವ ಹೊತ್ತಿಗೆ ಹುಬ್ಬಳ್ಳಿಯಿಂದ ಒಂದು ಪುಟ್ಟ ವಿಮಾನ ಬರುತ್ತದೆಯಂತೆ. ಮೈದಾನದ ಮೇಲೆ ತಗ್ಗಿ ಹಾರಿ ಪುಷ್ಪವೃಷ್ಟಿ ಮಾಡುತ್ತದೆಯಂತೆ. ಅದನ್ನು ನಡೆಸುವವನು ಇದೇ ಶಾಲೆಯಲ್ಲಿ ಓದಿದ, ಈಗ ಇಲ್ಲೇ ಕೂತಿರುವ, ರಾತ್ರಿ ಹುಬ್ಬಳ್ಳಿಗೆ ಹೊರಡಲಿರುವ ನಿಲ್ಕುಂದದ ಸಂಜಯ ನಾಯ್ಕ. ಅವನಿಗೆ ವಿಮಾನ ನಡೆಸಲು ಕಲಿಸಿದ ಶ್ರೀವಾಣಿ ಹೆಗಡೆಯವರು ಇದೇ ವೇದಿಕೆಯಿಂದ ಶಿಷ್ಯನನ್ನು ಹರಸುತ್ತಾರಂತೆ. ನೀವೆಲ್ಲ ಶಿಳ್ಳೆ ಹೊಡೆದಿರಿ. ಆ ಶ್ರೀವಾಣಿ ನಾನೇ. ನಾನು ಹರಸಲಿದ್ದೇನೆ ಎಂಬುದು ನನಗೆ ಗೊತ್ತಾದದ್ದೂ ನಿಮ್ಮ ಜೊತೆಯಲ್ಲಿಯೇ.

ಗೋವಿಂದಣ್ಣ, ನೀವು ಫೋನ್ ಮಾಡಿದ ದಿನವೇ ನಾನು ಬೇಡ ಎಂದಿದ್ದೆ. "ಅದೆಲ್ಲ ನೀ ಬಂದಮೇಲೆ ಮಾತಾಡನ ತಂಗಿ" ಎಂದಿರಿ. ಬಂದ ಮೇಲೆ ಮಾತಾಡಲಿಲ್ಲ, ಮೈಕಿನಲ್ಲಿ ಹೇಳಿಸಿಬಿಟ್ಟಿರಿ. ವಿಮಾನದ ಮಾಲೀಕರು ನಾನು ಹೂಂ ಎನ್ನದೆ ವಿಮಾನ ಕೊಡುವುದಿಲ್ಲ ಎಂಬುದು ನಿಮಗೆ ಗೊತ್ತು. ಇಷ್ಟು ಜನರೆದುರು ಶಾಲು ಹೊದೆಸಿಕೊಂಡ ಊರ ಹುಡುಗಿ ಒಲ್ಲೆ ಎಂದಾಳೆಯೇ ಎಂಬುದು ನಿಮ್ಮ ಎಣಿಕೆ. ಇರಲಿ, ನೀವು ನಗುತ್ತಿದ್ದೀರಿ, ನನಗೂ ನಿಮ್ಮ ಮೇಲೆ ಸಿಟ್ಟಿಲ್ಲ. ಸುಳ್ಳು, ಸಿಟ್ಟಿದೆ. ಊಟವಾದ ಮೇಲೆ ಹೇಳುತ್ತೇನೆ.

ಅನುಮತಿ ಸಿಕ್ಕಿದೆ ಎಂದಿರಿ. ಸಂತೋಷ. ಅನುಮತಿ ಕೊಟ್ಟವರು ಈ ದಿನಗಳಲ್ಲಿ ಸಿದ್ದಾಪುರದ ಬೆಳಗು ನೋಡಿದವರೇ? ಶಾಲೆಯ ಹಿಂದಿನ ಗುಡ್ಡದ ತಲೆ ಬಿಸಿಲೇರುವ ತನಕ ಮಂಜಿನೊಳಗಿರುತ್ತದೆ. ಈ ಮಕ್ಕಳಿಗೆ ಗೊತ್ತು, ಬೆಳಗಿನ ಬಸ್ಸು ದೀಪ ಹಾಕಿಕೊಂಡು ಬರುತ್ತದೆ. ಆ ಮಂಜಿನ ಕೆಳಗೆ ನುಗ್ಗಿ, ಮೈದಾನ ಹುಡುಕಿ, ಹೂವು ಸರಿಯಾದ ಜಾಗಕ್ಕೆ ಬೀಳಲೆಂದು ವೇಗ ತಗ್ಗಿಸಿ, ಕೆಳಗೆ ನೋಡುತ್ತಾ ವಿಮಾನ ತಿರುಗಿಸಬೇಕು. ವೇಗ ತಗ್ಗಿದಾಗ ಬಿಗಿಯಾಗಿ ತಿರುಗಿಸಿದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಎತ್ತರದಲ್ಲಿದ್ದರೆ ಸಾವರಿಸಿಕೊಳ್ಳಬಹುದು. ಮೈದಾನದ ಮೇಲೆ ಎತ್ತರ ಎಲ್ಲಿಂದ ತರುವುದು?

ಇದು ಸಂಜಯನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ನಾನೇ ಕಲಿಸಿದ್ದೇನೆ, ನನ್ನ ಬೈಗುಳ ಸಮೇತ. ಗೊತ್ತಿದ್ದೂ ಯಾಕೆ ಹೊರಟ?

ಇಷ್ಟು ವರ್ಷಗಳಲ್ಲಿ ನನ್ನ ಜೊತೆ ಹಾರಿದ ಗೆಳೆಯರನ್ನು ಕಳೆದುಕೊಂಡಿದ್ದೇನೆ. ಸುಮಂತ ಎಂಬೊಬ್ಬನಿದ್ದ, ಹಾಡುಗಾರ, ವಿಮಾನ ಏರುವ ಮುಂಚೆ ಅದರ ಮೂತಿ ಸವರಿ ಮಾತಾಡಿಸುತ್ತಿದ್ದ. ನೆಲ ಬಿಟ್ಟು ಸ್ವಲ್ಪ ಮೇಲೇರುವುದರೊಳಗೆ ಅವನ ಎಂಜಿನ್ ನಿಂತಿತು. ಅವನು ಮಾಡಬೇಕಾದದ್ದನ್ನೆಲ್ಲ ಸರಿಯಾಗಿ ಮಾಡಿದ, ಆದರೂ ಉಳಿಯಲಿಲ್ಲ. ನಮ್ಮ ಕೆಲಸದಲ್ಲಿ ಅದು ಇದ್ದೇ ಇದೆ. ಅದನ್ನು ಒಪ್ಪಿಕೊಂಡೇ ಪ್ರತಿ ಬೆಳಗ್ಗೆ ಬೆಲ್ಟು ಬಿಗಿಯುತ್ತೇನೆ. ಮತ್ತೆ ಯಾಕೆ ಹಾರುತ್ತೀರಿ ಎಂದು ಬೆಳಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇಷ್ಟ, ಅದಕ್ಕೆ. ಇದಕ್ಕಿಂತ ದೊಡ್ಡ ಉತ್ತರ ನನಗೆ ಹೊಳೆದಿಲ್ಲ ಮಗಾ.

ಆದರೆ ಉಲ್ಲಾಸ ಸರ್ ಸತ್ತದ್ದು ಎಂಜಿನ್ನಿನಿಂದಲ್ಲ. ನನಗೆ ಹಾರಾಟದ ಮೊದಲ ಪಾಠ ಹೇಳಿದವರು ಅವರು. ಯಾರೋ ದೊಡ್ಡವರನ್ನು ಒಂದು ಮದುವೆಗೆ ಕರೆದೊಯ್ಯಬೇಕಿತ್ತು. ಇಳಿಯುವ ಜಾಗದಲ್ಲಿ ಮೋಡ ಕವಿದಿತ್ತು. ಹಿಂದಿನ ಸೀಟಿನಲ್ಲಿ ಕೂತವರು ಬೈಯಲಿಲ್ಲ, ಒತ್ತಾಯಿಸಲಿಲ್ಲ. ಮುಹೂರ್ತ ಮೀರುತ್ತದೇನೋ ಎಂದರಂತೆ, ಅಷ್ಟೇ. ಆ ದೊಡ್ಡವರು ಬದುಕಿಕೊಂಡರು, ಅವರೇ ಅಳುತ್ತಾ ಹೇಳಿದರು. ಉಲ್ಲಾಸ ಸರ್‌ಗೆ ಆ ಮಾತು ಸಾಕಾಯಿತು, ಮೋಡದೊಳಗೇ ಇಳಿಸಿದರು. ಅಂಥಾ ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಿದವರಲ್ಲ.

ದಾಕ್ಷಿಣ್ಯ, ಸಭಿಕರೇ. ನಮ್ಮ ಕಡೆಯವರ ದೊಡ್ಡ ಗುಣ ಯಾವುದೆಂದು ಕೇಳಿದರೆ ಎಲ್ಲರೂ ಇದನ್ನೇ ಹೇಳುತ್ತಾರೆ. ಸಾಕು ಸಾಕು ಎನ್ನುತ್ತಲೇ ಬಾಳೆಗೆ ಇನ್ನೆರಡು ಹೋಳಿಗೆ ಹಾಕಿಸಿಕೊಳ್ಳುತ್ತೇವೆ, ಬಡಿಸುವವರಿಗೆ ಬೇಜಾರಾಗದಿರಲಿ ಎಂದು. ಹೋಳಿಗೆಯಿಂದ ಯಾರೂ ಸಾಯುವುದಿಲ್ಲ. ವಿಮಾನದಲ್ಲಿ ಸಾಯುತ್ತಾರೆ.

ನನಗೆ ಇದು ಹೇಗೆ ಗೊತ್ತು? ಯಲ್ಲಾಪುರದ ಸಂದೇಶ ಎಂಬ ಸಹಪಾಠಿಯ ಬಗ್ಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ನಾವಿಬ್ಬರೂ ಲೈಸೆನ್ಸು ಪಡೆದ ಹೊಸತು. ತರಬೇತಿ ಶಾಲೆಯ ಎರಡು ವಿಮಾನಗಳನ್ನು ಬೆಳಗಾವಿಯಿಂದ ಮಂಗಳೂರಿಗೆ ಒಯ್ಯಬೇಕಿತ್ತು. ದಾರಿ ಯಲ್ಲಾಪುರದ ಮೇಲೆಯೇ ಹೋಗುತ್ತದೆ. ಅವನು ಹಿಂದಿನ ದಿನ ಮನೆಗೆ, ತಾಯಿಗೆ ಫೋನ್ ಮಾಡಿದ್ದು ನನ್ನ ಪಕ್ಕದಲ್ಲಿ ನಿಂತೇ. "ಆಯೀ, ನಾಳೆ ಬೆಳಗ್ಗೆ ಆನು ನಮ್ಮನೆ ಮೇಲೆ ಹೋಗ್ತೆ. ಎಲ್ಲರನ್ನೂ ಗದ್ದೆ ಬದಿಗೆ ಕರ್ಕಂಡು ಬಾ." ಎಂಥಾ ಖುಷಿ ಇತ್ತು ಆ ದನಿಯಲ್ಲಿ! ನನಗೂ ಖುಷಿಯಾಗಿತ್ತು.

ಬೆಳಗ್ಗೆ ಅವನು ಮುಂದೆ, ನಾನು ಹಿಂದೆ. ಹಳಿಯಾಳ ದಾಟುವ ತನಕ ಆಕಾಶ ತೊಳೆದಿಟ್ಟ ಹಾಗಿತ್ತು. ಮುಂದೆ ಘಟ್ಟದ ಮೇಲೆಲ್ಲ ಮೋಡ ಮಲಗಿತ್ತು, ಒಂದು ಗುಡ್ಡವೂ ಕಾಣುತ್ತಿರಲಿಲ್ಲ. ನಾನು ರೇಡಿಯೋದಲ್ಲಿ, ಇಂಗ್ಲಿಷಿನಲ್ಲಿ ಮಾತಾಡಬೇಕೆಂಬ ನಿಯಮ ಬಿಟ್ಟು, ನಮ್ಮ ಮಾತಿನಲ್ಲೇ ಅಂದೆ: "ಸಂದೇಶ, ಕೆಳಗೆ ಎಂತದೂ ಕಾಣ್ತಿಲ್ಲೆ. ತಿರುಗನ."

ಅವನೆಂದ: "ಆಯಿ ಊರವರನ್ನೆಲ್ಲ ಕರ್ಕಂಡು ಬಂದು ನಿಂತಿರ್ತು. ಅಷ್ಟೆಲ್ಲ ಜನ ಕಾಯ್ತಾ ಇಪ್ಪಾಗ ಹ್ಯಾಂಗೆ ತಿರುಗದು? ಒಂದೇ ಸುತ್ತು, ಬಂದೆ."

ಅವನು ಮೋಡದೊಳಗೆ ಇಳಿದ. ನಾನು ತಿರುಗಿದೆ.

ಬೆಳಗಾವಿಗೆ ವಾಪಸ್ ಬರುವ ದಾರಿಯುದ್ದಕ್ಕೂ ಅವನನ್ನು ಕರೆದೆ. ಇಳಿದ ಮೇಲೂ ಕರೆದೆ. ಕೊನೆಗೆ ಯಾರೋ ಬಂದು ರೇಡಿಯೋ ಆರಿಸಿದರು. ಅವನ ಆಯಿ ಬೀಸಲೆಂದು ಗದ್ದೆ ಬದಿಗೆ ಕೆಂಪು ಸೀರೆ ತಂದಿದ್ದರು. "ಶಬ್ದ ಕೇಳ್ಚು ತಂಗಿ, ಮಾಣಿ ಕಂಡಿದ್ನಿಲ್ಲೆ" ಎಂದರು ನನ್ನ ಹತ್ತಿರ. ಮೋಡಕ್ಕೇ ಸೀರೆ ಬೀಸಿದರಂತೆ. ಊರವರೆಲ್ಲ ಶಬ್ದ ಬಂದ ಕಡೆಗೆ ಕೈ ಬೀಸಿ ಕೂಗಿದರಂತೆ. ವಿಮಾನ ಎರಡು ಗುಡ್ಡದಾಚೆ ಸಿಕ್ಕಿತು.

ಅವನ ವೈಕುಂಠ ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಒಬ್ಬರೆಂದರು, "ಅವ ಧೈರ್ಯಸ್ಥ, ಹೆದರಿದ್ನಿಲ್ಲೆ. ಇದು ಹೆದ್ರಿ ತಿರುಗಿ ಬಂತು." ಇದು ಎಂದರೆ ನಾನು. ಎದುರಿಗೇ ಬಡಿಸುತ್ತಿದ್ದೆ. ಅವರಿಗೆ ಪಾಯಸ ಬಡಿಸಿ ಮುಂದಿನ ಎಲೆಗೆ ಹೋದೆ. ಆ ಮನೆಯಲ್ಲಿ ಬಡಿಸುವ ಹಕ್ಕು ನನಗೆ ಹೇಗೆ ಬಂತು ಎಂದು ಕೇಳಬೇಡಿ. ಮುಂದಿನ ವೈಶಾಖಕ್ಕೆ ನಮ್ಮಿಬ್ಬರ ಮದುವೆ ಗೊತ್ತಾಗಿತ್ತು. ಸಹಪಾಠಿ ಎಂದು ಹೇಳಿ ಮುಗಿಸಬೇಕೆಂದಿದ್ದೆ. ಕ್ಷಮಿಸಿ, ಸ್ವಲ್ಪ ನೀರು ಕುಡಿಯುತ್ತೇನೆ.

ನಾನು ಬದುಕಿದ್ದೇ ತಪ್ಪೇನೋ ಎಂದು ಬಹಳ ಕಾಲ ಅನ್ನಿಸುತ್ತಿತ್ತು. ತಪ್ಪಲ್ಲ. ಆ ದಿನ ಸರಿಯಾದದ್ದನ್ನು ಮಾಡಿದವಳು ನಾನೊಬ್ಬಳೇ. ಇದನ್ನು ನನಗೆ ಯಾರೂ ಹೇಳಲಿಲ್ಲ. ಒಬ್ಬರಾದರೂ ಬೆನ್ನು ತಟ್ಟಿ, ತಿರುಗಿ ಬಂದ್ಯಲೆ, ಒಳ್ಳೇದಾತು ಅನ್ನಲಿಲ್ಲ.

ಅದಕ್ಕೇ ನಾನು ಕಲಿಸುವಲ್ಲಿ ಒಂದು ಪದ್ಧತಿ ಹಾಕಿದ್ದೇನೆ. ಅರ್ಧ ದಾರಿಯಿಂದ ಯಾರೇ ತಿರುಗಿ ಬರಲಿ, ಇದ್ದವರೆಲ್ಲ ಎದ್ದು ಹೊರಗೆ ಬಂದು ಚಪ್ಪಾಳೆ ತಟ್ಟಬೇಕು. ಯಾಕೆ ತಿರುಗಿದೆ ಎಂದು ಕೇಳಕೂಡದು. ಮೊದಲು ಹುಡುಗರು ನಗುತ್ತಿದ್ದರು, ಈಗ ನಗುವುದಿಲ್ಲ. ಸಂಜಯನೂ ಎಷ್ಟೋ ಸಲ ಬೇರೆಯವರಿಗೆ ತಟ್ಟಿದ್ದಾನೆ. ಅವನಿಗೆ ತಟ್ಟುವ ಅವಕಾಶ ನಮಗೆ ಒಮ್ಮೆಯೂ ಸಿಕ್ಕಿಲ್ಲ. ಅವನು ಇದುವರೆಗೆ ತಿರುಗಿ ಬಂದವನೇ ಅಲ್ಲ. ಅಷ್ಟು ಚೆನ್ನಾಗಿ ನಡೆಸುತ್ತಾನೆ. ನನ್ನ ಭಯವೂ ಅದೇ.

ವೇದಿಕೆ ಹತ್ತುವ ಮುಂಚೆ ಪರದೆಯ ಹಿಂದೆ ಅವನು ನನಗೆ ಹೇಳಿದ್ದು ಏನು ಗೊತ್ತೇ? "ಒಂದೇ ಸುತ್ತು ಮೇಡಂ. ಅಮ್ಮ ಕೆಳಗೆ ನಿಂತಿರ್ತಾಳೆ." ಅವನ ತಂದೆ ಮಾದೇವಣ್ಣ ಪಕ್ಕದಲ್ಲೇ ಇದ್ದರು. "ಊರಿಗೆಲ್ಲ ಹೇಳಾಗಿದೆ ಮೇಡಮ್ಮೋರೆ, ಈಗ ಇಲ್ಲ ಅಂದ್ರೆ ಮಖ ತೋರ್ಸೂದು ಹೆಂಗೆ?" ಎಂದರು. ಮಾದೇವಣ್ಣ, ನಿಮಗೆ ಮಗನ ಮೇಲೆ ಎಷ್ಟು ಹೆಮ್ಮೆ ಇದೆ ಎಂದು ನನಗೆ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೀರಂತೆ. ಹೇಳಿ. ಹೇಳಲು ಮಗ ಇರಬೇಕಲ್ಲ?

ಆದ್ದರಿಂದ, ಸಭಿಕರೇ, ನಾನು ಹೂಂ ಎನ್ನುವುದಿಲ್ಲ. ಆ ವಿಮಾನ ನಾಳೆ ಹೊರಡುವುದಿಲ್ಲ. ತಂದಿಟ್ಟ ಸೇವಂತಿಗೆಯನ್ನು ಮಕ್ಕಳೇ ಮಹಡಿಯ ಮೇಲೆ ನಿಂತು ಎರಚಲಿ, ಅವರಿಗೂ ಖುಷಿ.

ಇಲ್ಲಿಗೆ ಮುಗಿಸಿ ಕೂರಬಹುದಿತ್ತು. ಆದರೆ ನಾನು ತಡೆದರೆ ಅದು ನಾಳೆಗೆ ಮಾತ್ರ. ಇನ್ನೊಂದು ದಿನ, ಇನ್ನೊಂದು ಮೈದಾನ, ಇನ್ಯಾರದೋ ಅಮ್ಮ. ಅಲ್ಲಿ ನಾನಿರುವುದಿಲ್ಲ. ಇಲ್ಲ ಎಂಬ ಮಾತು ಅವನ ಬಾಯಿಂದ ಬರಬೇಕು. ಜನರೆದುರು ಬರಬೇಕು, ಯಾಕೆಂದರೆ ಅದು ಕಷ್ಟವಾಗುವುದು ಜನರೆದುರೇ.

ಸಂಜಯ, ಎದ್ದು ನಿಲ್ಲು. ನನ್ನ ಮೇಲೆ ಸಿಟ್ಟು ಬಂದಿದೆ, ಮುಖ ಕೆಂಪಾಗಿದೆ, ಪರವಾಗಿಲ್ಲ. ಎಲ್ಲರೆದುರು ಮರ್ಯಾದೆ ತೆಗೆದೆ ಎಂದುಕೊಳ್ಳುತ್ತಿದ್ದೀಯ. ನಾಳೆ ಆ ವಿಮಾನದಲ್ಲಿ ಹೊರಟೇ ಬಿಟ್ಟಿದ್ದೀಯ ಎಂದುಕೋ. ಕೆಳಗೆ ಮಂಜು. ಇವರೆಲ್ಲ ಕುತ್ತಿಗೆ ಎತ್ತಿ ನಿಂತಿದ್ದಾರೆ. ಬರುತ್ತೀಯೋ, ತಿರುಗುತ್ತೀಯೋ? ಮೈಕು ಬೇಡ, ತಲೆ ಅಲ್ಲಾಡಿಸಿದರೆ ಸಾಕು.

ಅಪ್ಪನ ಮುಖ ನೋಡಬೇಡ. ಗೋವಿಂದಣ್ಣ, ದಯವಿಟ್ಟು ಅವನಿಗೆ ಕೈಸನ್ನೆ ಮಾಡಬೇಡಿ. ಹೊತ್ತಾಗಲಿ, ಊಟ ಆರಲಿ, ನಾನು ಕಾಯುತ್ತೇನೆ.

ನೆಲ ನೋಡಿದರೆ ನನಗೆ ಕಾಣುವುದಿಲ್ಲ ಸಂಜಯ. ತಲೆ ಎತ್ತು.

ಹಾಂ. ಕಂಡಿತು. ತಿರುಗುತ್ತೇನೆ ಎಂದ. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ನಾನು ಹೇಳುತ್ತೇನೆ, ಸಂಜಯ ನಾಯ್ಕ ಬರುವುದಿಲ್ಲ ಎಂದ.

ಈಗ ನಿಮ್ಮ ಸರದಿ. ನಮ್ಮ ಪದ್ಧತಿ ಹೇಳಿದೆನಲ್ಲ. ಏನು, ಯಾರೂ ಎದ್ದೇಳುತ್ತಿಲ್ಲ? ಬರುತ್ತಾನೆ ಎಂದಾಗ ಶಿಳ್ಳೆ ಹಾಕಿದವರು ನೀವೇ. ಬರುವುದಿಲ್ಲ ಎಂದಾಗ ಸುಮ್ಮನೆ ಕೂತಿದ್ದೀರಿ. ಮೇಲಿರುವವರು ಹೆದರುವುದು ಗುಡ್ಡಕ್ಕಲ್ಲ, ಮೋಡಕ್ಕಲ್ಲ. ಕೆಳಗಿರುವ ನಿಮ್ಮ ಈ ಮೌನಕ್ಕೆ.

ಯಾರದು ಮೂರನೇ ಸಾಲಿನಲ್ಲಿ ಎದ್ದವರು? ದೇವಕ್ಕ. ಸಂಜಯನ ಅಮ್ಮ. ಒಬ್ಬರೇ ತಟ್ಟುತ್ತಿದ್ದಾರೆ, ನೋಡಿ. ಕಣ್ಣು ಒರೆಸಿಕೊಳ್ಳಲೂ ಕೈ ನಿಲ್ಲಿಸುತ್ತಿಲ್ಲ. ಮಾದೇವಣ್ಣ, ನೀವೂ ಏಳಿ. ಗೋವಿಂದಣ್ಣ, ನಿಮ್ಮದೂ ಬರಲಿ. ಮಕ್ಕಳೇ, ಜೋರಾಗಿ. ಇನ್ನೂ ಜೋರಾಗಿ. ನಾಳೆ ಬರದೇ ಇರುವವನಿಗೆ ಇದು.

ಸಾಕು, ಕೂತುಕೊಳ್ಳಿ. ಇನ್ನೆರಡು ಮಾತು ಉಳಿದಿವೆ.

ಗದ್ದೆ ಬದಿಯಲ್ಲಿ ನಿಂತವರು ತನಗೆ ಹೀಗೂ ತಟ್ಟುತ್ತಾರೆ ಎಂದು ಗೊತ್ತಿದ್ದಿದ್ದರೆ ಸಂದೇಶನೂ ಅಂದು ತಿರುಗುತ್ತಿದ್ದ. ಇವತ್ತು ತಲೆ ನರೆತು, ಹೊಟ್ಟೆ ಬಂದು, ನಿಮ್ಮ ನಡುವೆ ಎಲ್ಲೋ ಕೂತಿರುತ್ತಿದ್ದ. ಸಾಕು ಮಾರಾಯ್ತಿ, ಮನೆಗೆ ಹೋಗನ ಎಂದು ನನಗೆ ಸನ್ನೆ ಮಾಡುತ್ತಿದ್ದ.

ಕರೆದದ್ದಕ್ಕೆ, ನಾನು ಇಲ್ಲ ಎಂದದ್ದನ್ನು ಕೇಳಿಸಿಕೊಂಡದ್ದಕ್ಕೆ, ನಿಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ.