ಕೊನೆಯ ಚೌಕದ ಬಿಳಿ ಚುಕ್ಕೆ

...ದೂರದ ಚುಕ್ಕೆಯನ್ನು ನೋಡಿ ಅದು ಎತ್ತ ಮುಖ ಮಾಡಿದೆ ಎಂದು ಹೇಳಲಾಗುವುದಿಲ್ಲ ಎಂದು ಯಾರೋ ಹೇಳಿದ್ದರು. ಹಡಗಿನವರೋ, ಶಾಲೆಯ ಮಾಸ್ತರರೋ, ಈಗ ನೆನಪಾಗುತ್ತಿಲ್ಲ. ವಡಾಲದಲ್ಲಿ ಬಸ್ಸಿಗೆ ಕಾಯುವಾಗ ಆ ಮಾತು ತಲೆಯಲ್ಲಿ ಸುತ್ತತೊಡಗಿತು. ಮೈಕಿನ ಮುಂದೆ ನಿಂತ ಮೇಲೂ ಬಿಡಲಿಲ್ಲ. ಕ್ಷಮಿಸಿ, ಮೊದಲು ಮಾಡಬೇಕಾದದ್ದನ್ನು ಈಗಲಾದರೂ ಮಾಡುತ್ತೇನೆ.

ಸಂಘದ ಅಧ್ಯಕ್ಷರಾದ ರಮಾನಾಥ ಅವರೇ, ಪುಸ್ತಕ ಬಿಡುಗಡೆ ಮಾಡಿದ ಮುಖ್ಯ ಅತಿಥಿಗಳೇ, ಗೋರೆಗಾಂವ್‌ನಿಂದ ಪ್ರತಿಗಳನ್ನು ತಾವೇ ಹೊತ್ತು ತಂದ ಪ್ರಕಾಶಕ ಅನಿಕೇತ್ ಅವರೇ, ಮೂರನೆಯ ಸಾಲಿನಲ್ಲಿ ಮೊಬೈಲ್ ನೋಡುವಂತೆ ನಟಿಸುತ್ತಿರುವ ಗೆಳೆಯ ಜಹೀರನೇ, ಫ್ಯಾನಿನ ಕೆಳಗೆ ಜಾಗ ಹಿಡಿದ ಸಭಿಕರೇ, ಫ್ಯಾನು ಸಿಗದಿದ್ದರೂ ಎದ್ದು ಹೋಗದ ಇನ್ನೂ ದೊಡ್ಡ ಮನಸ್ಸಿನ ಸಭಿಕರೇ,

ಮುಂಬಯಿ ಕನ್ನಡಿಗರ, ಸಯನ್‌ನ ಈ ಸಭಾಂಗಣದಲ್ಲಿ ಕವಿಗಳಿಗೆ ಶಾಲು ಹೊದಿಸಿದ್ದನ್ನು ನೋಡಿದ್ದೇನೆ, ಹೊಟೇಲು ಮಾಲಕರಿಗೆ ಪೇಟ ತೊಡಿಸಿದ್ದನ್ನು ನೋಡಿದ್ದೇನೆ. ಆಕಾಶನೌಕೆ, ಯಂತ್ರಮಾನವ, ಎರಡು ತಲೆಯ ಹಲ್ಲಿ ಇರುವ ಪುಸ್ತಕವೊಂದು ಇಲ್ಲಿ ಬಿಡುಗಡೆಯಾಗುತ್ತಿರುವುದು ಇದೇ ಮೊದಲು. ಎಪ್ಪತ್ತು ವರ್ಷ ಹಿಂದೆ ದೂರದೇಶದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾದ ವಿಜ್ಞಾನ ಕಥೆಗಳ ಚಿತ್ರಮಾಲೆ ಇದು. ಒಂದೊಂದು ಸಂಚಿಕೆಯಲ್ಲಿ ನಾಲ್ಕು ಕಥೆ. ಓದಿ ಎಸೆಯಲೆಂದೇ ಮಾಡಿದ್ದು. ಈಗ ಅಲ್ಲಿಯವರು ಬಣ್ಣಗಳನ್ನು ತೊಳೆದು, ದಪ್ಪ ರಟ್ಟು ಹಾಕಿ ಮರುಮುದ್ರಿಸಿದ್ದಾರೆ. ಅನಿಕೇತ್ ಅದರ ಕನ್ನಡದ ಹಕ್ಕು ತಂದರು. ಅನುವಾದಕ್ಕೆ ನನ್ನನ್ನೇ ಏಕೆ ಹುಡುಕಿದರು? ಈ ಕಥೆಗಳನ್ನು ನಾನು ಚಿಕ್ಕಂದಿನಲ್ಲೇ ಕನ್ನಡದಲ್ಲಿ ಓದಿದ್ದೇನೆ ಎಂದು ಎಲ್ಲೋ ಜಂಬ ಕೊಚ್ಚಿಕೊಂಡಿದ್ದೆ.

ಕನ್ನಡದಲ್ಲಿ ಇರಲೇ ಇಲ್ಲವಲ್ಲ ಎಂದು ತಿಳಿದವರು ಕೇಳಬಹುದು. ಇತ್ತು. ಒಂದೇ ಒಂದು ಕಡೆ ಇತ್ತು. ವಡಾಲದ ನಮ್ಮ ಚಾಳಿನ ಎರಡನೆಯ ಮಾಳಿಗೆಯಲ್ಲಿ, ನಮ್ಮದೇ ಖೋಲಿಯ, ಎಂದರೆ ಒಂಟಿ ಕೋಣೆಯ ಮನೆಯ, ಮುಂಭಾಗದಲ್ಲಿ, ನನ್ನ ಸೋದರತ್ತೆ ಸೇವಂತಿಯ ಲೈಬ್ರರಿಯಲ್ಲಿ.

ನನ್ನ ತಂದೆ ಸರಕು ಹಡಗಿನಲ್ಲಿ ಭಂಡಾರಿ. ಎಂದರೆ ಖಲಾಸಿಗಳಿಗೆ ಅಡುಗೆ ಮಾಡುವವರು. ಉಡುಪಿಯ ಕಡೆಯವರೆಲ್ಲ ಮುಂಬಯಿಯ ನೆಲದ ಮೇಲೆ ಇಡ್ಲಿ ಬೇಯಿಸುತ್ತಿದ್ದಾಗ ಅವರು ನೀರಿನ ಮೇಲೆ ಬೇಯಿಸುತ್ತಿದ್ದರು. ಮನೆಗೆ ಬಂದಾಗಲೆಲ್ಲ, ಯಾವುದೋ ಬಂದರಿನ ಹಳೇ ಪುಸ್ತಕದಂಗಡಿಯಿಂದ ಈ ಚಿತ್ರಮಾಲೆಯ ಸಂಚಿಕೆಗಳನ್ನು ತಂದು ತಂಗಿಯ ಮುಂದೆ ಸುರಿಯುತ್ತಿದ್ದರು. ನನಗಲ್ಲ, ತಂಗಿಗೆ. ನನಗೆ ಚಾಕಲೇಟು.

ಅತ್ತೆ ರಾತ್ರಿಶಾಲೆಯಲ್ಲಿ ಕಲಿತವಳು. ಅವಳ ಕೆಲಸದ ಕ್ರಮ ಹೀಗಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಾತಿನ ಗುಳ್ಳೆಯ ಅಳತೆಗೆ ಕತ್ತರಿಸುವುದು. ಅದರ ಬಿಳಿ ಬದಿಯಲ್ಲಿ ಕನ್ನಡ ಬರೆಯುವುದು. ಮೈದಾ ಅಂಟಿಗೆ ಚೂರು ಮೈಲುತುತ್ತ ಬೆರೆಸಿ, ಜಿರಳೆ ತಿನ್ನದ ಹಾಗೆ, ಇಂಗ್ಲಿಷ್ ಗುಳ್ಳೆಯ ಮೇಲೆ ಅಂಟಿಸುವುದು. ಅವಳ ಕನ್ನಡದಲ್ಲಿ ಆಕಾಶನೌಕೆಯ ಕ್ಯಾಪ್ಟನ್ ನಮ್ಮ ಮೀನುಗಾರರ ತಂಡೇಲನಾಗಿದ್ದ. ಯಂತ್ರಮಾನವ ಕಬ್ಬಿಣದ ಮಾಣಿಯಾಗಿದ್ದ. ಮಂಗಳ ಗ್ರಹದವರು ಮಾತ್ರ ತುಳು ಮಾತಾಡುತ್ತಿದ್ದರು. ನಗಬೇಡಿ, ನಮ್ಮ ಚಾಳಿನ ಉಳಿದವರಿಗೆ ಅರ್ಥವಾಗದ ಭಾಷೆ ಅವಳಿಗೆ ಬೇಕಿತ್ತು, ಅದು ಕೈಗೆಟುಕುವಲ್ಲೇ ಇತ್ತು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ, ಮಳೆಗಾಲದಲ್ಲಿ, ತಂದೆಯ ಹಡಗಿನಿಂದ ಸುದ್ದಿ ಬರುವುದು ನಿಂತಿತು. ಮುಳುಗಿತು ಎಂದು ಯಾರೂ ಹೇಳಲಿಲ್ಲ. ಮುಳುಗಲಿಲ್ಲ ಎಂದೂ ಹೇಳಲಿಲ್ಲ.

ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ. ಮರುಮುದ್ರಣದ ಮಹತ್ವದ ಬಗ್ಗೆ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಇರಲಿ.

ತಂದೆ ಕೊನೆಯ ಸಲ ತಂದಿದ್ದ ಸಂಚಿಕೆಗಳಿಗೆ ಅತ್ತೆ ಚೀಟಿ ಅಂಟಿಸಿದ್ದು ಆ ಮಳೆಗಾಲದ ನಂತರ. ತಾಯಿಗೆ ಓದು ಬರುತ್ತಿರಲಿಲ್ಲ. ಅವಳು ಒಲೆಯ ಮುಂದೆ ಕೂತರೆ ನಾನು ಪಕ್ಕದಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಎಂತೆಂಥ ನೌಕೆಗಳು! ಧೂಮಕೇತುವಿಗೆ ಬಡಿದವು, ಎಣ್ಣೆ ಮುಗಿದು ನಿಂತವು, ದಾರಿ ತಪ್ಪಿದವು. ಆದರೆ ಎಲ್ಲವೂ ವಾಪಸು ಬಂದವು. ಕೊನೆಯ ಕಥೆಯ ಕೊನೆಯ ಚೌಕದಲ್ಲಿ ಪೂರ್ತಿ ಕಪ್ಪು ಆಕಾಶ, ಅದರಲ್ಲಿ ಒಂದೇ ಬಿಳಿ ಚುಕ್ಕೆ, ಕೆಳಗೆ ನಮಗೆ ಬೆನ್ನು ಹಾಕಿ ನಿಂತ ಜನ. ಅಲ್ಲಿನ ಚೀಟಿಯಲ್ಲಿ ಇದ್ದದ್ದು ಇಷ್ಟು: "ಅಗೋ ಬಂತು. ಅನ್ನಕ್ಕೆ ನೀರಿಡಿ."

ಎರಡು ವರ್ಷ ಕಳೆದ ಮೇಲೆ ಊರಿನಿಂದ ದೊಡ್ಡಪ್ಪ ಬಂದರು. "ಇನ್ನು ಎಷ್ಟಂತ ಕಾಯುವುದು? ದರ್ಭೆಯಲ್ಲಿ ಒಂದು ಗೊಂಬೆ ಮಾಡಿ ಬೊಜ್ಜ ಮುಗಿಸುವ. ಮಗ ಕೂತರೆ ಆಯ್ತು" ಎಂದರು. ಬೊಜ್ಜ ಎಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ದೇಹ ಸಿಗದಿದ್ದರೆ ಅದರ ಬದಲಿಗೆ ದರ್ಭೆಯ ಗೊಂಬೆ. ನಾನು ಕೂರುವುದಿಲ್ಲ ಎಂದೆ. "ಹಡಗು ಬರ್ತದೆ" ಎಂದೆ. "ಯಾರು ಹೇಳಿದ್ದು ನಿಂಗೆ?" "ಪುಸ್ತಕದಲ್ಲಿ ಉಂಟು." ದೊಡ್ಡಪ್ಪ ಅತ್ತೆಯ ಕಡೆ ನೋಡಿದರು. ಅತ್ತೆ ತಲೆ ಎತ್ತದೆ ಕ್ಯಾಲೆಂಡರು ಕತ್ತರಿಸುತ್ತಿದ್ದಳು. ಬೊಜ್ಜ ಆಗಲಿಲ್ಲ. ಆಗದೇ ಹೋದದ್ದರಿಂದ ತಾಯಿಯ ಹಣೆಯ ಕುಂಕುಮವನ್ನು ಯಾರೂ ಒರೆಸಲಿಲ್ಲ. ಹೋದ ವರ್ಷ ಆಸ್ಪತ್ರೆಯಲ್ಲಿ ಅವಳು ಕಣ್ಣು ಮುಚ್ಚಿದಾಗಲೂ ಅದು ಹಣೆಯ ಮೇಲಿತ್ತು. ಇಬ್ಬರದ್ದೂ ಒಟ್ಟಿಗೆ ಮುಗಿಸು ಎಂದರು ಊರವರು. ನಾನು ತಾಯಿಯದ್ದಷ್ಟೇ ಮಾಡಿ ಬಂದೆ. ಐವತ್ತು ದಾಟಿದ ಗಂಡಸು, ಕಾಮಿಕ್ಸಿನ ಮಾತು ನಂಬಿ ಅಲ್ಲ. ಅಭ್ಯಾಸದಿಂದ.

ಈಗ ಅನುವಾದಕ್ಕೆ ಬರುತ್ತೇನೆ. ಕೊನೆಯ ಕಥೆಯನ್ನೇ ಮೊದಲು ಕೈಗೆತ್ತಿಕೊಂಡೆ. ಅದರ ಕೊನೆಯ ಚೌಕಕ್ಕೆ ಬಂದಾಗ ನಾನು ಇಂಗ್ಲಿಷನ್ನು ನೋಡಲೇ ಇಲ್ಲ. ನೋಡುವ ಅಗತ್ಯವಿದೆ ಎಂದೇ ಅನ್ನಿಸಲಿಲ್ಲ. ಕೈ ತಾನಾಗಿ ಬರೆದುಬಿಟ್ಟಿತು, ಅಗೋ ಬಂತು ಎಂದು. ಮರುದಿನ ಅನಿಕೇತ್ ಅವರ ಫೋನು. "ಸರ್, ಲಾಸ್ಟ್ ಪೇಜ್‌ನಲ್ಲಿ ಕುಛ್ ಗಡ್‌ಬಡ್ ಇದೆ. ಅವರು ವಾಪಸ್ ಬರಲ್ಲ ಅಲ್ವಾ ಸರ್? ಮತ್ತೆ ಅನ್ನ... ಅನ್ನ ಯಾಕೆ?" ಅವರಿಗೆ ತಮ್ಮ ಕನ್ನಡದ ಮೇಲೆಯೇ ಸಂಶಯ ಬಂದಿತ್ತು.

ಆಗ ನೋಡಿದೆ. ಗುಳ್ಳೆಯಲ್ಲಿ ಇದ್ದದ್ದು ಬೇರೆ. ಉಳಿದ ಕಥೆಗಳ ಕೊನೆಯನ್ನೂ ನೋಡಿದೆ. ಒಂದು ನೌಕೆಯೂ ಮರಳುವುದಿಲ್ಲ. ಓದುಗನ ಕಾಲ ಕೆಳಗಿನ ನೆಲವನ್ನು ಕೊನೆಯ ಚೌಕದಲ್ಲಿ ಎಳೆಯುವುದೇ ಆ ಚಿತ್ರಮಾಲೆಯ ರೀತಿಯಂತೆ.

ಕೇಳೋಣವೆಂದರೆ ಅತ್ತೆ ಈಗ ಬದುಕಿಲ್ಲ. ಜಹೀರನಿಗೆ ಫೋನು ಮಾಡಿದೆ. ಅವನ ತಂದೆ ಗುಡುಸಾಬರು ವಿಜಾಪುರದ ಕಡೆಯಿಂದ ಬಂದು ನಮ್ಮ ಚಾಳಿನ ಕೆಳಗೆ ಹೊಲಿಗೆ ಯಂತ್ರ ಇಟ್ಟಿದ್ದರು. ಜಹೀರ ನನಗಿಂತ ನಾಲ್ಕು ವರ್ಷ ದೊಡ್ಡವನು, ಅದೇ ಲೈಬ್ರರಿಯ ಓದುಗ. "ಅತ್ತೆಗೆ ಇಂಗ್ಲಿಷ್ ಅಷ್ಟೊಂದು ಬರ್ತಿರಲಿಲ್ಲ ಅಂತ ಕಾಣ್ತದೆ ಜಹೀರ" ಎಂದೆ. ಅವನು ನಕ್ಕ.

"ಏ ಹುಚ್ಚಪ್ಪಾ, ಆಕಿಗೆ ಬರ್ತಿತ್ತು. ನಿನಗ ಬರ್ತಿರ್ಲಿಲ್ಲ."

ಅವನು ಚಹಾದ ಕಿಟ್ಲಿಯ ಹಬೆ ಹಿಡಿದು ಆ ಚೀಟಿಯನ್ನು ಎಬ್ಬಿಸಿ ನೋಡಿದ್ದನಂತೆ. ಅತ್ತೆಯ ಹತ್ತಿರ ಹೋಗಿ, "ಅತ್ತಿ, ನೀವು ಇಲ್ಲಿ ತಪ್ಪ ಬರದೀರಿ" ಎಂದನಂತೆ. ಅವಳು ಅಂಟಿನ ಬಟ್ಟಲು ಮುಂದಿಟ್ಟು, "ತಪ್ಪಲ್ಲ ಮಾರಾಯ. ಎಬ್ಬಿಸಿದವನೇ ಅಂಟಿಸು. ಅವನಿಗೆ ಹೇಳ್ಬೇಡ" ಎಂದಳಂತೆ.

"ಇಷ್ಟು ವರ್ಷ ನೀನೂ ಹೇಳಲಿಲ್ಲವಲ್ಲೋ?"

"ಹೇಳಬ್ಯಾಡ ಅಂದಿದ್ಲಲ್ಲ. ಯಾವಾಗ ಹೇಳು ಅಂತ ಎಲ್ಲಿ ಅಂದ್ಲು?"

ಜಹೀರ, ಮೊಬೈಲ್ ಕೆಳಗಿಡು. ಈ ಸಭೆಯಲ್ಲಿ ಶಾಲು ಹೊದಿಸಬೇಕಾದದ್ದು ನಿನಗೆ.

ಸಭಿಕರೇ, ಅನುವಾದಕನಿಗೆ ಒಂದು ಧರ್ಮವಿದೆ. ಅತ್ತೆಗೆ ಇನ್ನೊಂದಿತ್ತು. ಅವಳದ್ದು ನನ್ನದಕ್ಕಿಂತ ಕಿರಿದೇ? ಗೊತ್ತಿಲ್ಲ. ಆ ಒಂದು ಗುಳ್ಳೆಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಬರೀ ಅನುವಾದವಾಗುವುದಿಲ್ಲ ಎಂದು ನನಗೆ ತಿಳಿದಿತ್ತು. ಊರಿನಲ್ಲಿ ದರ್ಭೆಯ ಗೊಂಬೆಯ ಮುಂದೆ ಕೂರುವುದೂ ಅದೂ ಒಂದೇ ಕೆಲಸ. ಬರೆದೆ. ನಿಮ್ಮ ಕೈಯಲ್ಲಿರುವ ಪುಸ್ತಕದ ಕೊನೆಯ ಚೌಕದಲ್ಲಿ ಹೀಗಿದೆ: "ಅದು ಹೋಗುತ್ತಲೇ ಇರುತ್ತದೆ. ಇನ್ನು ತಿರುಗುವುದಿಲ್ಲ." ಬರುವ ತಿಂಗಳು ಊರಿಗೆ ಹೋಗುತ್ತೇನೆ. ದರ್ಭೆ ತಂದಿಡಲು ದೊಡ್ಡಪ್ಪನ ಮಗನಿಗೆ ಹೇಳಿ ಇಟ್ಟಿದ್ದೇನೆ.

ಅನಿಕೇತ್ ಅವರು ನನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದಾರೆ. ಅವರ ಸಂಶಯ ಬಿಡಿಸಲು ನಾನು ಹಳೆಯ ಸಂಚಿಕೆಯ ಫೋಟೊ ಕಳಿಸಿದ್ದೆ. ಅದರಲ್ಲಿದ್ದ ಅತ್ತೆಯ ಕೈಬರಹದ ಆ ಚೀಟಿಯನ್ನು ಅದೇ ಅಳತೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಪುಸ್ತಕದ ಹಿಂಬದಿಯಲ್ಲಿ ಬಿಡಿಯಾಗಿ ಇಟ್ಟಿದ್ದಾರೆ. ಅಂಟು ಹಚ್ಚಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಒಲೆಯ ಮುಂದೆ ಕೂತು ಕೇಳುವವರಿದ್ದರೆ, ಮೈದಾ ನಿಮ್ಮ ಮನೆಯಲ್ಲೇ ಇರುತ್ತದೆ.

ಸಂಘಕ್ಕೆ, ಅನಿಕೇತ್‌ಗೆ, ಹಳೆಯ ಕಾಗದವನ್ನು ಕಾಪಾಡಿದ ದೂರದೇಶದ ಅಪರಿಚಿತರಿಗೆ, ಇಷ್ಟು ಹೊತ್ತು ಗಡಿಯಾರ ನೋಡದೆ ಕೂತ ನಿಮಗೆ ಋಣಿ. ನನ್ನ ಬಾಲ್ಯಕ್ಕೆ ಮುಳುಗದ ಹಡಗುಗಳನ್ನು ಕೊಟ್ಟವಳಿಗೆ ಎಲ್ಲರಿಗಿಂತ ಹೆಚ್ಚು ಋಣಿ. ಎಲ್ಲರಿಗೂ ಕೈಮುಗಿದು ನಮಸ್ಕಾರ ಹೇಳಿ ಕೂರುತ್ತೇನೆ. ಕೂರುವ ಮೊದಲು ಇಲ್ಲಿ ಇಲ್ಲದ ಒಬ್ಬರಲ್ಲಿ ಒಂದು ಮಾತು ಕೇಳಲು ಅಪ್ಪಣೆ ಕೊಡಿ.

ಸೇವಂತಿ ಅತ್ತೇ, ಓದುತ್ತಿದ್ದವನು ನಾನು, ಒಲೆಯ ಮುಂದೆ ಇದ್ದವಳು ಅಮ್ಮ, ಹೋದವನು ನಿನ್ನ ಅಣ್ಣ. ಅನ್ನಕ್ಕೆ ನೀರಿಡಿ ಎಂದು ನೀನು ಹೇಳಿದ್ದು ಯಾರಿಗೆ?