ಮೊದಲು, ಆಮೇಲೆ

ಬಾಗಿಲು ಮುಚ್ಚಿದ್ದಕ್ಕೇ ಮುಖ ಊದಿಸ್ಕೋಬೇಡ ಅಕ್ಕ. ಹೊರಗೆ ಅಷ್ಟೊಂದು ಹೆಂಗಸರು ವ್ಯಾಯಾಮ ಮಾಡ್ತಿದ್ದಾರೆ, ನಮ್ಮ ಮನೆಮಾತು ಅವರ ಕಿವಿಗೆ ಯಾಕೆ ಬೀಳಬೇಕು? ನಿನ್ನ ತಂಗಿಯ ಜಿಮ್ಮು, ನಿನ್ನ ತಂಗಿಯ ಆಫೀಸು, ಆರಾಮಾಗಿ ಕೂತ್ಕೋ. ಆ ಕುರ್ಚಿ ಬೇಡ, ಅದಕ್ಕೆ ಕೈಗಳಿವೆ, ಸಿಕ್ಕಿಹಾಕ್ಕೊಂಡ್ರೆ ಕಷ್ಟ... ಸೋಫಾ ಮೇಲೆ ಕೂತ್ಕೋ.

ಹಾಂ, ಇಲ್ಲಿ ವ್ಯಾಯಾಮ ಹೇಳ್ಕೊಡೋ ಕೆಲಸ. ನೋಡು, ಸರ್ಟಿಫಿಕೇಟ್ ತೆಗೀಬೇಡ. ತರಬೇತಿ ಮುಗಿಸಿ ಪಾಸಾಗಿದ್ದೀಯ, ಸಂತೋಷ. ಪಕ್ಕದ ಮನೆಯಾಕೆಯ ಬೆನ್ನುನೋವು ನೀನೇ ವಾಸಿ ಮಾಡಿದ್ದೀಯ, ಅದೂ ಸಂತೋಷ. ಆದ್ರೆ ಇಲ್ಲಿಗೆ ಬರೋರು ಸರ್ಟಿಫಿಕೇಟ್ ಓದೋದಿಲ್ಲ, ಸೊಂಟ ನೋಡ್ತಾರೆ! ಹೊಟ್ಟೆ ಒಳಗೆ ಎಳ್ಕೊಳ್ಳಿ ಅಂತ ನೀನು ಅಂದ್ರೆ, ಮೊದಲು ನೀವು ಎಳ್ಕೊಳ್ಳಿ ಮೇಡಂ ಅಂತಾರೆ. ಬೋಳುತಲೆಯವನ ಹತ್ರ ಯಾರಾದ್ರೂ ಕೂದಲೆಣ್ಣೆ ಕೊಳ್ತಾರಾ? ಹಲ್ಲಿಲ್ಲದ ದಂತವೈದ್ಯರ ಮುಂದೆ ಬಾಯಿ ಬಿಡ್ತಾರಾ?

ಯಾಕೆ ನಗ್ತೀಯ? ನಮ್ಮ ದಂತವೈದ್ಯರದ್ದು ಕಟ್ಟಿಸಿದ ಹಲ್ಲು ಅಂತ ನಂಗೂ ಗೊತ್ತು. ಫಳಫಳ ಹೊಳೀತಾವೋ ಇಲ್ವೋ? ಜನಕ್ಕೆ ಅಷ್ಟು ಸಾಕು.

ಇಲ್ಲ, ಇಲ್ಲ... ಮಧ್ಯಾಹ್ನ ಹಾಲ್ ಖಾಲಿ ಇರುವಾಗ ಬರ್ತೀನಿ ಅಂದ್ರೂ ಬೇಡ. ಏನು? ನಿನ್ನಂಥ ಮೈಯಿರೋರು ನಿನ್ನ ಹತ್ರ ನಾಚ್ಕೊಳ್ಳದೆ ಬರ್ತಾರಾ? ದಪ್ಪಗಿರೋರನ್ನೇ ನೋಡ್ಬೇಕು ಅಂದ್ರೆ ಅವರ ಮನೇಲಿ ಕನ್ನಡಿ ಇಲ್ವಾ? ಕನಸು ಮಾರೋ ಅಂಗಡಿ ಅಕ್ಕ ಇದು. ಗಾಜಿನ ಹಿಂದೆ ನಿಲ್ಲಿಸೋ ಗೊಂಬೆ ತೆಳ್ಳಗಿರ್ಬೇಕು. ನೀನು ನಿಂತ್ರೆ... ಬಿಡು, ಬಾಯಿ ಬಿಟ್ಟು ಹೇಳಿಸ್ಬೇಡ.

ಅಯ್ಯೋ, ಅಳ್ಬೇಡ. ಅಳ್ತಿಲ್ವಾ? ಮತ್ತೆ ಆ ಕಡೆ ಯಾಕೆ ತಿರುಗಿದೆ? ಬಾಗಿಲ ಹಿಂದೆ ಏನಿದೆ ಅಂತ ಹಾಗೆ ನೋಡ್ತಿ...

ಓ. ಅದಾ.

ಅದು... ಪೋಸ್ಟರು. ಸೇರೋಕೆ ಬಂದವರನ್ನ ಒಳಗೆ ಕೂರಿಸಿ, ಬಾಗಿಲು ಮುಚ್ಚಿ ತೋರಿಸೋದು. ಮೊದಲು, ಆಮೇಲೆ ಅಂತ ಬರೆದಿದೆಯಲ್ಲ... 'ಆಮೇಲೆ' ಇರೋದು ನಾನು. 'ಮೊದಲು' ಇರೋದೂ ನಾನೇ ಅಂತ ಹೇಳ್ತೀನಿ. ನಮ್ಮಿಬ್ಬರಿಗೂ ಅಮ್ಮನ ಮುಖ ತಾನೆ, ಯಾರಿಗೆ ಗೊತ್ತಾಗುತ್ತೆ? ಹುಟ್ಟಿದಾಗಿಂದ ಕಡ್ಡಿ ಥರಾನೇ ಇದ್ದೀನಿ ಅಂದ್ರೆ ಒಬ್ಬಳಾದ್ರೂ ಸೇರ್ತಾಳಾ? ನೀನು ಒಂದೇ ಒಂದು ದಿನ ಆ ಹಾಲ್‌ನಲ್ಲಿ ನಿಂತ್ರೆ ನನ್ನ ಕಥೆ ಮುಗೀತು. ಅದಕ್ಕೇ ಬೇಡ ಅಂದದ್ದು... ನಿನ್ನ ಸೊಂಟಕ್ಕಲ್ಲ.

ಬೈಯಿ ಅಕ್ಕ. ಬೈದ್ಬಿಡು. ಹತ್ರ ಹೋಗ್ಬೇಡ... ಹೂಂ, ಅದೇ ಫೋಟೋ. ನಿನ್ನ ಬಾಣಂತನದಲ್ಲಿ ಮಗು ನೋಡೋಕೆ ಬಂದಾಗ ನಾನೇ ತೆಗೆದದ್ದು. ಫೋಟೋದಿಂದ ಮಗೂನ ತೆಗೆಸಿಬಿಟ್ಟೆ. ನಿನ್ನ ಭುಜದ ಮೇಲಿದ್ದ ಆ ಪುಟ್ಟ ಕೈ ಮಾತ್ರ ಉಳ್ಕೊಂಡ್ಬಿಡ್ತು.

ಅದ್ಯಾರ ಕೈ ಅಂತ ಬಂದವರು ಕೇಳ್ತಾರೆ. ನನ್ನ ಮಗಳದು ಅಂತೀನಿ.