ಗದಿಗೆಮ್ಮ ಕಾಣೆಯಾಗಿರಲಿಲ್ಲ ಎಂಬ ಬಗ್ಗೆ

ಹೆಸರು: ಗದಿಗೆಮ್ಮ, ಗಂಡ ದಿವಂಗತ ಅಮರೇಶಪ್ಪ. ವಯಸ್ಸು: ಶಾಲೆಯ ದಾಖಲೆಯಂತೆ 60, ನಿಜವಾಗಿ ಎರಡು ತಿಂಗಳು ಕಡಿಮೆ. ಉದ್ಯೋಗ: ಔಷಧಿ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಮಾತ್ರೆ ಪಟ್ಟಿಗಳ ಮೇಲಿನ ಬ್ಯಾಚ್ ನಂಬರ್ ಮತ್ತು ತಾರೀಖು ನೋಡುವುದು, ಹನ್ನೊಂದು ವರ್ಷದಿಂದ. ವಾಸ: ನಾಚಾರಂ, ಹೈದರಾಬಾದ್. ಸ್ವಂತ ಊರು: ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ.

ಯಾರೂ ಕರೆತರದೆ ನಾನಾಗಿಯೇ ಠಾಣೆಗೆ ನಡೆದು ಬಂದು ಬರೆಸುವುದೇನೆಂದರೆ, ತೆಲುಗಿನಲ್ಲಿ ನನಗೆ ತರಕಾರಿ ಕೊಳ್ಳಲು ಬರುತ್ತದೆ, ಸಿಟ್ಟು ಮಾಡಲು ಬರುವುದಿಲ್ಲ. ಆದ್ದರಿಂದ ನಾರಾಯಣಪೇಟೆ ಕಡೆಯವರಾದ ಎಎಸ್‌ಐ ಚಂದ್ರಹಾಸ ಅವರು ಇದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ.

ನನ್ನ ಹುಟ್ಟಿದ ದಿನ ಜೂನ್ ಒಂದು ಅಲ್ಲ. ನಮ್ಮೂರ ಮಾಸ್ತರರು ಆ ವರ್ಷ ಶಾಲೆಗೆ ಸೇರಿದ ಎಲ್ಲ ಮಕ್ಕಳಿಗೂ ಜೂನ್ ಒಂದನ್ನೇ ಬರೆದರು. ನಾನು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ. ಇದನ್ನು ನನ್ನ ಮಗ ಗುರುಬಸವನಿಗೆ, ವಯಸ್ಸು 34, ಪ್ರತಿ ಪಂಚಮಿಗೂ ಹೇಳಿದ್ದೇನೆ.

ದಿನಾಂಕ 01-06-2025, ಭಾನುವಾರ, ಬೆಳಿಗ್ಗೆ 7 ಗಂಟೆಗೆ ಗುರುಬಸವ ನನಗೆ ಕುಂಕುಮ ಬಣ್ಣದ ಹೊಸ ಇಳಕಲ್ ಸೀರೆ ಕೊಟ್ಟು ಉಟ್ಟುಕೊಳ್ಳಲು ಹೇಳಿದ. ಎಲ್ಲಿಗೆ ಎಂದು ಕೇಳಿದೆ. 'ಅವ್ವಾ, ಸರ್ಪ್ರೈಸ್ ಐತಿ, ಸುಮ್ನ ಕುಂದ್ರು' ಎಂದ. ಸೊಸೆ ಸ್ನೇಹಲತಾ ನನ್ನ ಕಣ್ಣಿಗೆ ತನ್ನ ದುಪಟ್ಟಾ ಕಟ್ಟಿದಳು. ಯಾರಾದರೂ ಫೋನ್ ಮಾಡಿ ಗುಟ್ಟು ಒಡೆದಾರೆಂದು ನನ್ನ ಮೊಬೈಲನ್ನು ಬಂದ್ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ನನ್ನ ಚೀಲವೂ ಅವಳ ಹತ್ತಿರವೇ ಇತ್ತು.

7.50ಕ್ಕೆ ಎರಡು ಗಾಡಿಗಳು ಹೊರಟವು. ಮುಂದಿನದು ಗುರುಬಸವನದು, ಅದರಲ್ಲಿ ನಾನಿದ್ದೆ. ಹಿಂದಿನದು ಅವನ ಗೆಳೆಯ ವಿಶ್ವಜಿತ್‌ನದು. ಎರಡರಲ್ಲೂ ಸೇರಿ ಹನ್ನೊಂದು ಜನ.

9.15ಕ್ಕೆ ಪಟಾನ್‌ಚೆರು ದಾಟಿ ಸುಮಾರು ಒಂದು ಕಿಲೋಮೀಟರ್ ದೂರದ ಪೆಟ್ರೋಲ್ ಬಂಕ್‌ನಲ್ಲಿ ನಿಂತೆವು. ಕಣ್ಣಿನ ಬಟ್ಟೆ ಬಿಚ್ಚಿಸಿಕೊಂಡು ನಾನು ಶೌಚಾಲಯಕ್ಕೆ ಹೊರಟೆ. ವಿಶ್ವಜಿತ್‌ನ ಗಾಡಿಯಲ್ಲಿ ಅವನ ತಾಯಿ ಇದ್ದಾರೆ, ಅಲ್ಲಿ ಕುಳಿತರೆ ಮಾತಿಗೆ ಜೊತೆಯಾಗುತ್ತದೆ ಎಂದು ಸ್ನೇಹಲತಾ ಹೇಳಿದಳು. ನೋಡೋಣ ಎಂದೆ. ಕೂರುತ್ತೇನೆ ಎನ್ನಲಿಲ್ಲ.

9.21ಕ್ಕೆ ಹೊರಗೆ ಬಂದಾಗ ಎರಡೂ ಗಾಡಿಗಳು ಇರಲಿಲ್ಲ. ಮುಂದಿನವರು ನಾನು ಹಿಂದಿನ ಗಾಡಿಯಲ್ಲಿದ್ದೇನೆ ಎಂದುಕೊಂಡರು. ಹಿಂದಿನವರು ನಾನು ಮುಂದಿನದರಲ್ಲಿದ್ದೇನೆ ಎಂದುಕೊಂಡರು. ತಿರುಗಿ ಒಂದು ಮಾತು ಕೇಳಲು ಹತ್ತು ಜನರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.

ಬಂಕ್‌ನ ಮ್ಯಾನೇಜರ್ ತಮ್ಮ ಫೋನ್ ಕೊಟ್ಟರು. ಗುರುಬಸವನ ನಂಬರಿನ ಹತ್ತೂ ಅಂಕಿ ನನಗೆ ಬಾಯಿಪಾಠ. 9.31, 9.33 ಮತ್ತು 9.40ಕ್ಕೆ ಮಾಡಿದೆ. ಗೊತ್ತಿಲ್ಲದ ನಂಬರ್ ಎಂದು ಮೂರು ಸಲವೂ ಅವನು ಕಟ್ ಮಾಡಿದ. ಆ ಫೋನಿನಲ್ಲಿ ಇದು ದಾಖಲಾಗಿದೆ, ಪರಿಶೀಲಿಸಬಹುದು.

ಗಾಳಿ ಹಾಕುವ ಯಂತ್ರದ ಪಕ್ಕದ ಕಟ್ಟೆಯ ಮೇಲೆ 10.40ರವರೆಗೆ ಕುಳಿತೆ. ಹೊಸ ಸೀರೆಗೆ ಎಣ್ಣೆ ಹತ್ತಿತು. ಬಂದೇ ಬರುತ್ತಾರೆ ಎಂದು ಮೊದಲ ಅರ್ಧ ಗಂಟೆ ಅಂದುಕೊಂಡೆ. ಆಮೇಲೆ ಅಳು ಬಂತು, ಅದನ್ನೂ ಬರೆಯಿರಿ. ಅದಾದ ಮೇಲೆ ಸಿಟ್ಟು ಬಂತು, ಅದು ಇನ್ನೂ ಹೋಗಿಲ್ಲ.

ಮಗ ಬಂದರೆ ಬಸ್ಸಿನಲ್ಲಿ ಮನೆಗೆ ಹೋದಳೆಂದು ತಿಳಿಸಿ ಎಂದು ಮ್ಯಾನೇಜರ್‌ಗೆ ಹೇಳಿ ಪಟಾನ್‌ಚೆರು ನಿಲ್ದಾಣಕ್ಕೆ ನಡೆದೆ. 10.58ರ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಆಧಾರ್ ತೋರಿಸಬೇಕು. ನನ್ನ ಆಧಾರ್ ಚೀಲದಲ್ಲಿ, ಚೀಲ ಗಾಡಿಯಲ್ಲಿ. ಹನ್ನೆರಡು ಅಂಕಿಯನ್ನು ತಡವರಿಸದೆ ಹೇಳಿದೆ. ಕಂಡಕ್ಟರಮ್ಮ ನಕ್ಕು ಟಿಕೆಟ್ ಹರಿದುಕೊಟ್ಟರು. ಅದನ್ನು ಈ ಹೇಳಿಕೆಗೆ ಲಗತ್ತಿಸಿದ್ದೇನೆ. ಸಿಕಂದರಾಬಾದ್‌ನಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ 1.35ಕ್ಕೆ ನಾಚಾರಂ ತಲುಪಿದೆ. ಮನೆಗೆ ಬೀಗವಿತ್ತು. ಎದುರು ಮನೆಯ ಅಂಬವ್ವ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಅವಳ ಕಟ್ಟೆಯ ಮೇಲೇ ಕುಳಿತೆ.

ಇವರು ಮಾಡಿದ್ದು ನನಗೆ ನಂತರ ತಿಳಿಯಿತು. ಜಹೀರಾಬಾದ್ ಆಚೆಯ ರೆಸಾರ್ಟ್‌ಗೆ 10.42ಕ್ಕೆ ತಲುಪಿ, ವಿಶ್ವಜಿತ್‌ನ ಗಾಡಿಯ ಬಾಗಿಲು ತೆಗೆದು, ಮುಂದಿನ ಗಾಡಿಯವರೆಲ್ಲ ಹ್ಯಾಪಿ ಬರ್ತ್‌ಡೇ ಎಂದು ಚಪ್ಪಾಳೆ ತಟ್ಟಿದ್ದಾರೆ. ಒಳಗೆ ವಿಶ್ವಜಿತ್‌ನ ತಾಯಿ ಒಬ್ಬರೇ ಇಳಿಯದೆ ಕುಳಿತಿದ್ದರು. ಆ ವಿಡಿಯೋ ನೋಡಿದ್ದೇನೆ, ಹದಿನಾಲ್ಕು ಸೆಕೆಂಡು ಇದೆ. ನಾನಿಲ್ಲದೆ ಒಂದು ಗಂಟೆ ಇಪ್ಪತ್ತೊಂದು ನಿಮಿಷ ಇವರ ಪ್ರಯಾಣ ಸುಖವಾಗಿಯೇ ಸಾಗಿತ್ತು.

12 ಗಂಟೆಗೆ ಬಂಕ್‌ಗೆ ಮರಳಿದಾಗ ಮ್ಯಾನೇಜರ್ ನಾನು ಹೇಳಿದ್ದನ್ನು ಹೇಳಿದರು. ಗುರುಬಸವ ನಂಬಲಿಲ್ಲ. 'ಅವ್ವ ಒಬ್ಬಾಕೆ ಹ್ಯಾಂಗ ಹೋಗ್ತಾಳ್ರಿ' ಎಂದನಂತೆ. ಪಟಾನ್‌ಚೆರುವನ್ನೆಲ್ಲ ಹುಡುಕಿ, ಸಂಜೆ 4.10ಕ್ಕೆ ಇದೇ ಠಾಣೆಯಲ್ಲಿ ನಾನು ಕಾಣೆಯಾಗಿದ್ದೇನೆ ಎಂದು ದೂರು ಕೊಟ್ಟ. ಠಾಣೆಗೂ ಮನೆಗೂ 1,200 ಮೀಟರ್. ಒಂದು ಸಲ ಮನೆಯ ಕಡೆ ನೋಡಿ ಬರೋಣ ಎಂದು ಅವನಿಗೆ ಹೊಳೆಯಲಿಲ್ಲ. 5.20ಕ್ಕೆ ನನ್ನ ಫೋಟೋ ಹಿಡಿದು ಪೇದೆಯೊಬ್ಬರು ಓಣಿಗೆ ಬಂದರು. ಅಂಬವ್ವ, 'ಇಲ್ಲೇ ಕುಂತಾಳಲ್ರಿ' ಎಂದಳು.

ಆ ದೂರನ್ನು ಇವತ್ತು ಓದಿಸಿ ಕೇಳಿದೆ. ಎತ್ತರ ಐದು ಅಡಿ ಮೂರು ಇಂಚು ಎಂದಿದೆ. ನಾನು ಐದು ಅಡಿಯೂ ಇಲ್ಲ. ಸೀರೆ ಹಸಿರು ಎಂದಿದೆ. ಕುಂಕುಮ ಬಣ್ಣದ್ದನ್ನು ಬೆಳಿಗ್ಗೆ ತಾನೇ ಕೈಯಾರೆ ಕೊಟ್ಟಿದ್ದ. ಅರವತ್ತರ ಹೆಂಗಸು ಬಂಕ್‌ನಲ್ಲಿ ಹೇಗೆ ಕಳೆದುಹೋದರು ಎಂದು ಠಾಣೆಯವರು ಕೇಳಿದ್ದಕ್ಕೆ, ಬಿಟ್ಟು ಬಂದೆ ಎನ್ನಲು ನಾಚಿಕೆಯಾಗಿ, ತಾಯಿಗೆ ಮರೆವಿನ ಕಾಯಿಲೆ ಇದೆ ಎಂದು ಬರೆಸಿದ್ದಾನೆ. ಅದನ್ನೇ ಫೋಟೋ ಸಮೇತ ವಾಟ್ಸಾಪ್‌ನಲ್ಲೂ ಹಾಕಿದ್ದಾನೆ. ಪುರಾವೆ ಕೇಳಿದರೆ, ಯುಗಾದಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು ಎನ್ನುತ್ತಾನೆ. ಬಿದ್ದದ್ದು ನಿಜ. ಒಂದು ಸಲ ನಾನು ಹಾಕಿದ್ದೆ, ಇನ್ನೊಂದು ಸಲ ಅವನ ಹೆಂಡತಿ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಹೇಳಿಕೆಯಲ್ಲಿ ಗಾದೆ ಬರೆಯುವಂತಿಲ್ಲ ಎಂದು ಎಎಸ್‌ಐ ಅವರು ಹೇಳಿದರು. ಬರೆಯಿರಿ ಎಂದೆ.

ಸೋಮವಾರ ತೆಲಂಗಾಣ ರಾಜ್ಯ ಹುಟ್ಟಿದ ದಿನದ ರಜೆ. ಇವತ್ತು ಬೆಳಿಗ್ಗೆ 8.50ಕ್ಕೆ ಕಾರ್ಖಾನೆಗೆ ಹೋದಾಗ ಮೇಲ್ವಿಚಾರಕರು ಗೇಟಿನಲ್ಲೇ ಆ ಫೋಟೋ ತೋರಿಸಿದರು. ಮರೆವಿರುವವರನ್ನು ಔಷಧಿಯ ತಾರೀಖು ನೋಡಲು ಕೂರಿಸಲಾಗದು, ಕಾಯಿಲೆ ಇಲ್ಲವೆಂದು ಕಾಗದ ತಂದರೆ ಮಾತ್ರ ಒಳಗೆ ಎಂದರು. ಅವರದು ತಪ್ಪಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಹನ್ನೊಂದು ವರ್ಷದಲ್ಲಿ ತಪ್ಪು ತಾರೀಖಿನ ಒಂದೇ ಒಂದು ಪಟ್ಟಿ ನನ್ನ ಕೈ ದಾಟಿಲ್ಲ. ಜೊತೆಯವರೆಲ್ಲ ನೋಡುತ್ತಿರುವಾಗ ನಾನು ಗೇಟಿನಿಂದ ತಿರುಗಿ ಬಂದೆ.

ಬಂಕ್‌ನಲ್ಲಿ ಬಿಟ್ಟು ಹೋದದ್ದನ್ನು ಕ್ಷಮಿಸಬಲ್ಲೆ. ಎರಡು ಗಾಡಿ, ಗದ್ದಲ, ಆಗುತ್ತದೆ. ತನ್ನ ಮರೆವನ್ನು ನನ್ನ ತಲೆಗೆ ಕಟ್ಟಿದ್ದನ್ನು ಕ್ಷಮಿಸುವುದಿಲ್ಲ. ನಾನು ಕಾಣೆಯಾಗಿರಲಿಲ್ಲ. ಇವರು ಬಿಟ್ಟ ಜಾಗದಲ್ಲಿದ್ದೆ, ಆಮೇಲೆ ನನ್ನ ಮನೆಯ ಎದುರಿದ್ದೆ.

ದೂರಿನಲ್ಲಿರುವ ಮರೆವಿನ ಕಾಯಿಲೆಯ ಸಾಲನ್ನು ಹೊಡೆದು ಹಾಕಲು ಕೇಳಿದೆ. ಒಮ್ಮೆ ಬರೆದದ್ದನ್ನು ಅಳಿಸಲು ಬರುವುದಿಲ್ಲ, ಈ ಹೇಳಿಕೆಯನ್ನು ಅದರ ಜೊತೆ ಇಟ್ಟು ನಕಲು ಕೊಡುತ್ತೇವೆ ಎಂದು ಎಎಸ್‌ಐ ಅವರು ತಿಳಿಸಿದರು. ಆ ನಕಲನ್ನು ಗುರುಬಸವನೇ ನಾಳೆ ಬೆಳಿಗ್ಗೆ 8.50ಕ್ಕೆ ಕಾರ್ಖಾನೆಯ ಗೇಟಿಗೆ ತಂದು, ಎಲ್ಲರ ಎದುರು ಗಟ್ಟಿಯಾಗಿ ಓದಬೇಕು. ಇನ್ನು ಆ ಸಾಲು ಅಳಿಯುವುದಿಲ್ಲ ಎಂದಾದರೆ ಇರಲಿ ಬಿಡಿ. ಕಾಯಿಲೆ ಇರುವವರ ಹೆಸರು ಗುರುಬಸವ, ವಯಸ್ಸು 34 ಎಂದು ಮಾತ್ರ ಇಲ್ಲಿ ತಿದ್ದಿಕೊಳ್ಳಿ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ, ಎಲ್ಲವೂ ನೆನಪಿದೆ.

ಸ್ಥಳ: ನಾಚಾರಂ
ದಿನಾಂಕ: 03-06-2025, ಮಧ್ಯಾಹ್ನ 12.25
ಸಹಿ: ಗದಿಗೆಮ್ಮ